‘ಅಲ್ಲಲ್ಲಿ ಮಳೆ’ ಅಂದರೆ ಎಲ್ಲಿ ಸ್ವಾಮಿ?

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೈಗುಳವೇ. ಬೈದಿರುವುದು ನನ್ನನ್ನಲ್ಲ, ಹವಾಮಾನ ಇಲಾಖೆಯನ್ನು. ಉತ್ತರ ಕೊಡುವ ಕೆಲಸ ಮಾತ್ರ ನನ್ನ ತಲೆಗೆ ಬಂದಿದೆ. ನನಗೂ ಇಲಾಖೆಗೂ ಯಾವ ನೆಂಟಸ್ತಿಕೆಯೂ ಇಲ್ಲ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವಳು ನಾನು. ಈಗ ಕೊಪ್ಪದ ಹತ್ತಿರ ಒಂದಿಷ್ಟು ಕಾಫಿ, ಒಂದಿಷ್ಟು ಅಡಿಕೆ ನೋಡಿಕೊಂಡಿದ್ದೇನೆ. ಅಪ್ಪ 1978ರಿಂದ ಬರೆದಿಟ್ಟ ಮಳೆ ಪುಸ್ತಕ ನನ್ನ ಕೈಗೆ ಬಂದಿದೆ. ದಿನಾ ಬೆಳಿಗ್ಗೆ ಅದಕ್ಕೊಂದು ಸಾಲು ಸೇರಿಸುತ್ತೇನೆ. ನನ್ನ ಅರ್ಹತೆ ಅಷ್ಟೇ.

ಪ್ರ: ಟಿವಿಯಲ್ಲಿ ‘ದಾವಣಗೆರೆ ಜಿಲ್ಲೆಯ ಅಲ್ಲಲ್ಲಿ ಮಳೆ’ ಎಂದರು. ನಂಬಿ ಮೋಟಾರ್ ಹಾಕಲಿಲ್ಲ. ನಮ್ಮ ಹೊಲಕ್ಕೆ ಒಂದು ಹನಿ ಬೀಳಲಿಲ್ಲ. ಎರಡು ಕಿಲೋಮೀಟರ್ ಆಚೆ ಹಳ್ಳ ತುಂಬಿ ಹರಿಯಿತು. ಇದೆಂಥ ಮುನ್ಸೂಚನೆ? *(ಹರಿಹರದ ಹತ್ತಿರದ ರೈತರೊಬ್ಬರು)*

ಉ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ದಿನ ಮುನ್ಸೂಚನೆ ಸರಿಯಾಗಿಯೇ ಇತ್ತು. ನಿಮ್ಮ ಹೊಲ ‘ಅಲ್ಲಲ್ಲಿ’ಯ ಒಳಗೆ ಬರಲಿಲ್ಲ, ಅಷ್ಟೆ.

ಇಲಾಖೆಯವರು ಈ ಮಾತನ್ನು ಸುಮ್ನೆ ಹೇಳುವುದಿಲ್ಲ. ಅದಕ್ಕೊಂದು ಲೆಕ್ಕವಿದೆ. ಒಂದು ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆ ಕಂಡರೆ ‘ಒಂದೆರಡು ಕಡೆ’. 26ರಿಂದ 50 ಆದರೆ ‘ಕೆಲವು ಕಡೆ’. 51ರಿಂದ 75 ಆದರೆ ‘ಹಲವು ಕಡೆ’. ಅದಕ್ಕೂ ಮೇಲೆ ಹೋದರೆ ‘ಬಹುತೇಕ ಕಡೆ’. ಸುದ್ದಿ ಓದುವವರು ಮೊದಲ ಎರಡಕ್ಕೂ ‘ಅಲ್ಲಲ್ಲಿ’ ಎಂದುಬಿಡುತ್ತಾರೆ. ಮೊದಲ ಮೆಟ್ಟಿಲಿನ ‘ಅಲ್ಲಲ್ಲಿ’ ಆಗಿದ್ದರೆ ಅದನ್ನು ತಿರುಗಿಸಿ ಓದಿ: ನಾಲ್ಕು ಊರಲ್ಲಿ ಮೂರು ಊರು ಒಣಗೇ ಇರುತ್ತವೆ. ಹಾಗೆ ಹೇಳಿದ್ದರೆ ನೀವು ಮೋಟಾರ್ ಹಾಕುತ್ತಿದ್ದಿರಿ, ಅಲ್ವಾ?

ಇನ್ನು ಬೇಸಿಗೆ ಮೋಡದ ಗುಣ. ಮಾರ್ಚ್‌ನಿಂದ ಮೇವರೆಗೆ ನಮ್ಮಲ್ಲಿ ಬರುವುದು ಒಂಟಿ ಗುಡುಗು ಮೋಡಗಳು. ಬೆಳಿಗ್ಗೆ ಬಿಸಿಲು ನೆಲವನ್ನು ಕಾಯಿಸುತ್ತದೆ, ಕಾದ ಗಾಳಿ ಮೇಲೆ ಏಳುತ್ತದೆ, ಮಧ್ಯಾಹ್ನ ಮೂರರ ಹೊತ್ತಿಗೆ ಅದು ಹೂಕೋಸಿನ ಹಾಗೆ ಬೆಳೆದು ನಿಲ್ಲುತ್ತದೆ. ಒಂದೊಂದು ಮೋಡದ ಅಗಲ ಕೆಲವೇ ಕಿಲೋಮೀಟರ್. ಆಯುಸ್ಸು ಅರ್ಧ ಗಂಟೆಯಿಂದ ಒಂದು ಗಂಟೆ. ಒಲೆಯ ಮೇಲೆ ಅಂಬಲಿ ಇಟ್ಟವರಿಗೆ ಗುಳ್ಳೆ ಏಳುತ್ತದೆ ಎಂದು ಗೊತ್ತು. ಯಾವ ಗುಳ್ಳೆ ಎಲ್ಲಿ ಒಡೆಯುತ್ತದೆ ಎಂದು ಗೊತ್ತಿಲ್ಲ. ಹಿಂದಿನ ದಿನವೇ ‘ನಿಮ್ಮ ಸರ್ವೆ ನಂಬರಿಗೆ ಮಳೆ’ ಎಂದು ಹೇಳುವವರಿದ್ದರೆ ಅವರು ಹವಾಮಾನದವರಲ್ಲ, ಕವಡೆ ಹಾಕುವವರು.

ಜೂನ್ ಕೊನೆಯ ಮೇಲೆ ಕಥೆ ಬೇರೆ. ಆಗ ಕಡಲಿನಿಂದ ಬರುವ ಗಾಳಿ ಮೋಡದ ಚಾಪೆಯನ್ನೇ ಹಾಸುತ್ತದೆ. ‘ಬಹುತೇಕ ಕಡೆ’ ಎಂಬ ಮಾತು ಆಗ ನಿಜವಾಗುವುದು ಜಾಸ್ತಿ.

ನೀವು ಮಾಡಬೇಕಾದ್ದು ಇಷ್ಟು. ಬೇಸಿಗೆಯಲ್ಲಿ ಜಿಲ್ಲೆಯ ಮುನ್ಸೂಚನೆ ನಂಬಿ ನೀರು ನಿಲ್ಲಿಸಬೇಡಿ. ಮಧ್ಯಾಹ್ನದ ಮೇಲೆ ಇಲಾಖೆ ಕೊಡುವ ಮುಂದಿನ ಮೂರು ಗಂಟೆಯ ಸೂಚನೆ ನೋಡಿ. ಅದು ಎದ್ದು ನಿಂತ ಮೋಡ ನೋಡಿ ಕೊಡುವ ಮಾತು. ಮರುದಿನ ಪಕ್ಕದ ಊರಿಗೆ ಎಷ್ಟು ಬಂತೆಂದು ತಿಳಿಯಬೇಕಾದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರನ್ನು ಕೇಳಿ. ಅವರು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ತಾನಾಗಿ ಅಳೆಯುವ ಮಳೆ ಮಾಪಕ ಇಟ್ಟಿದ್ದಾರೆ. ‘ವರುಣ ಮಿತ್ರ’ ಎಂಬ ಅವರ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರ: ಆರೆಂಜ್ ಅಲರ್ಟ್ ಎಂದು ಶಾಲೆಗೆ ರಜೆ ಕೊಟ್ಟರು. ಆಮೇಲೆ ಫಳಫಳ ಬಿಸಿಲು. ಮಕ್ಕಳು ದಿನವಿಡೀ ಕ್ರಿಕೆಟ್ ಆಡಿದರು. ಈ ಬಣ್ಣಗಳ ಅರ್ಥ ಏನು? *(ಬೆಂಗಳೂರು, ರಾಜಾಜಿನಗರ)*

ಉ: ಮಕ್ಕಳಿಗಂತೂ ಲಾಭವಾಯಿತಲ್ಲ!

ಬಣ್ಣ ಹೇಳುವುದು ‘ಎಷ್ಟು ಮಳೆ’ ಎಂದಷ್ಟೇ ಅಲ್ಲ, ‘ನೀವೇನು ಮಾಡಬೇಕು’ ಎಂದು. ಹಸಿರು ಅಂದರೆ ಆರಾಮಾಗಿರಿ. ಹಳದಿ ಅಂದರೆ ಗಮನವಿಡಿ. ಕಿತ್ತಳೆ ಅಂದರೆ ತಯಾರಾಗಿರಿ. ಕೆಂಪು ಅಂದರೆ ಈಗಲೇ ಏನಾದರೂ ಮಾಡಿ. ಅಪಾಯ ಆಗುವ ಸಂಭವ, ಆದಾಗ ಎಷ್ಟು ಹಾನಿ ಎಂಬ ಅಂದಾಜು, ಎರಡನ್ನೂ ತೂಗಿ ಬಣ್ಣ ಬಳಿಯುತ್ತಾರೆ.

‘ಭಾರೀ’ ಎಂಬ ಮಾತಿಗೂ ಅಳತೆ ಇದೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ. 115.6 ಮುಟ್ಟಿದರೆ ಅತಿ ಭಾರೀ. 204.5 ಮುಟ್ಟಿದರೆ ಅದಕ್ಕೂ ಮೇಲಿನದು. ನಮ್ಮ ಮಲೆನಾಡಿನ ತೋಟದವರು ಇನ್ನೂ ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದವರು. 64.5 ಅಂದರೆ ಎರಡೂವರೆ ಇಂಚು. ಜುಲೈಯಲ್ಲಿ ನಮ್ಮೂರಲ್ಲಿ ಅಷ್ಟು ಬಂದರೆ ಯಾರೂ ಕಿಟಕಿಯಿಂದ ಹೊರಗೆ ಸಹ ನೋಡುವುದಿಲ್ಲ. ವರ್ಷವೆಲ್ಲಾ ಸೇರಿ ಐನೂರು ಮಿಲಿಮೀಟರ್ ಆಸುಪಾಸು ಕಾಣುವ ಚಳ್ಳಕೆರೆಯಲ್ಲಿ ಒಂದೇ ದಿನ ಅಷ್ಟು ಬಂದರೆ ಕೆರೆ ಏರಿ ನೋಡಲು ಜನ ಓಡುತ್ತಾರೆ. ಅಳತೆ ಒಂದೇ, ಊರು ಬೇರೆ.

ನಿಮ್ಮ ಬೆಂಗಳೂರಿನದೇ ಉದಾಹರಣೆ. 2024ರ ಜೂನ್ 2, ಭಾನುವಾರ. ನಗರದಲ್ಲಿ 111.1 ಮಿಲಿಮೀಟರ್ ಬಿತ್ತು. ಜೂನ್ ತಿಂಗಳ ಒಂದು ದಿನದ ದಾಖಲೆ 1891ರಿಂದ 101.6ರಲ್ಲಿ ನಿಂತಿತ್ತು, ಅದು ಮುರಿಯಿತು. ಆದರೂ ಪಟ್ಟಿಯಲ್ಲಿ ಅದು ಬರೀ ‘ಭಾರೀ’, ‘ಅತಿ ಭಾರೀ’ ಅಲ್ಲ. ಆದರೆ ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. 30–40ರ ಸೈಟು ಸುಮಾರು 111 ಚದರ ಮೀಟರ್. ಅಂದರೆ ಆ ಸಂಜೆ ನಿಮ್ಮ ಒಂದೇ ಸೈಟಿನ ಮೇಲೆ 12 ಸಾವಿರ ಲೀಟರಿಗೂ ಮೇಲೆ ನೀರು ಬಂತು. ಎರಡು ಟ್ಯಾಂಕರ್! ಏಪ್ರಿಲ್‌ನಲ್ಲಿ ದುಡ್ಡು ಕೊಟ್ಟು ತರಿಸಿದ್ದೂ ಅದನ್ನೇ. ಇದನ್ನು ಬರೆಯುವಾಗ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಪ್ರ: ಭಾನುವಾರ ಸಂಜೆ ಮಳೆ. ಪತ್ರಿಕೆಯಲ್ಲಿ ಸೋಮವಾರದ ಲೆಕ್ಕಕ್ಕೆ ಸೇರಿಸಿದ್ದಾರೆ. ತಪ್ಪಲ್ಲವೇ? *(ಶಿವಮೊಗ್ಗ)*

ಉ: ತಪ್ಪಲ್ಲ. ಮಳೆಯ ದಿನ ಶುರುವಾಗುವುದು ಬೆಳಿಗ್ಗೆ ಎಂಟೂವರೆಗೆ. ಹಿಂದಿನ ಬೆಳಿಗ್ಗೆ 8.30ರಿಂದ ಈ ಬೆಳಿಗ್ಗೆ 8.30ರವರೆಗೆ ಬಿದ್ದದ್ದೆಲ್ಲ ಈ ಬೆಳಗಿನ ಲೆಕ್ಕ.

ಪ್ರ: ನಾನು ಸುರತ್ಕಲ್‌ನಲ್ಲಿದ್ದೇನೆ, ಅಣ್ಣ ಕಲಬುರಗಿಯಲ್ಲಿ. ಅವನು ‘ನಮ್ಮಲ್ಲಿ 41 ಡಿಗ್ರಿ, ನಿಮ್ಮಲ್ಲಿ 34, ಸುಮ್ಮನಿರು’ ಎನ್ನುತ್ತಾನೆ. ಆದರೆ ಇಲ್ಲಿ ಸ್ನಾನ ಮಾಡಿ ಬಂದ ಐದು ನಿಮಿಷಕ್ಕೆ ಮತ್ತೆ ಒದ್ದೆ. ಯಾರದು ಹೆಚ್ಚು ಕಷ್ಟ?

ಉ: ಅಣ್ಣ ತಂಗಿ ಜಗಳದಲ್ಲಿ ನನ್ನನ್ನು ಸೇರಿಸಬೇಡಿ. ಆದರೂ ಹೇಳುತ್ತೇನೆ.

ಮೈ ತಣಿಸುವುದು ಬೆವರಲ್ಲ, ಬೆವರು ಆರುವುದು. ಕಲಬುರಗಿಯಲ್ಲಿ ಒದ್ದೆ ಪಂಚೆ ಹಗ್ಗಕ್ಕೆ ಹಾಕಿ ಚಹಾ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ. ನಿಮ್ಮಲ್ಲಿ ಸಂಜೆಯಾದರೂ ಮುಟ್ಟಿದರೆ ತಣ್ಣಗೆ. ಮೈಮೇಲಿನ ಬೆವರಿಗೂ ಅದೇ ಗತಿ. ಗಾಳಿಯಲ್ಲಿ ಮೊದಲೇ ನೀರು ತುಂಬಿದೆ, ನಿಮ್ಮ ಬೆವರಿಗೆ ಜಾಗವಿಲ್ಲ. ಅದಕ್ಕೇ ಇಲಾಖೆಯವರೂ ಎರಡು ಗೆರೆ ಹಾಕಿದ್ದಾರೆ. ಬಯಲಿನಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟದೆ ಬಿಸಿಗಾಳಿ ಎಂದು ಘೋಷಿಸುವುದಿಲ್ಲ. ಕರಾವಳಿಯಲ್ಲಿ 37ಕ್ಕೇ ಘೋಷಿಸಬಹುದು. ಎರಡೂ ಕಡೆ ಸಾಮಾನ್ಯವಾಗಿ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಜಾಸ್ತಿ ಇರಬೇಕು.

ಇನ್ನೊಂದು. ಫೆಬ್ರವರಿ, ಮಾರ್ಚ್‌ನಲ್ಲಿ ಒಮ್ಮೊಮ್ಮೆ ಮಂಗಳೂರು ಕಡೆ ಕಲಬುರಗಿಯನ್ನೇ ಮೀರಿಸುವ ಬಿಸಿಲು ಬರುತ್ತದೆ, ಗಮನಿಸಿದ್ದೀರಾ? ಆ ದಿನ ಘಟ್ಟದ ಕಡೆಯಿಂದ ಒಣ ಗಾಳಿ ಇಳಿದು ಬರುತ್ತಿರುತ್ತದೆ. ಅದು ಕಡಲ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಹನ್ನೊಂದು ಹನ್ನೆರಡಕ್ಕೆ ಬರಬೇಕಾದ ತಂಪು ಮೂರು ಗಂಟೆಗೆ ಬರುತ್ತದೆ. ಅಷ್ಟರಲ್ಲಿ ಊರು ಕಾದ ಕಾವಲಿ.

ಅಣ್ಣನಿಗೂ ಒಂದು ಮಾತು ಹೇಳಿ. ಒಣ ಸೆಕೆಯಲ್ಲಿ ಬೆವರು ಕಾಣುವುದಿಲ್ಲ, ಆರಿಹೋಗುತ್ತದೆ. ಮೈಯ ನೀರು ಖಾಲಿಯಾಗುವುದು ಗೊತ್ತೇ ಆಗುವುದಿಲ್ಲ. ಬಾಯಾರುವ ತನಕ ಕಾಯದೆ ಮಜ್ಜಿಗೆ ಕುಡಿಯಲಿ.

ಪ್ರ: ಸೆಕೆಗಾಲದಲ್ಲಿ ಆಲಿಕಲ್ಲು ಬೀಳುತ್ತದೆ. ಚಳಿ ಹಿಡಿಸುವ ಆಷಾಢದ ಮಳೆಯಲ್ಲಿ ಯಾಕೆ ಇಲ್ಲ? *(ಸಕಲೇಶಪುರದ ಒಂಬತ್ತನೇ ತರಗತಿ ಹುಡುಗಿ)*

ಉ: ಶಾಲೆಯಲ್ಲಿದ್ದಾಗ ಇಂಥ ಪ್ರಶ್ನೆ ಕೇಳಿದವರಿಗೆ ನಾನು ಪೆನ್ನು ಕೊಡುತ್ತಿದ್ದೆ.

ಐಸ್ ಆಗುವುದು ನೆಲದಲ್ಲಲ್ಲ, ಮೇಲೆ. ನಮ್ಮ ತಲೆಯ ಮೇಲೆ ಐದು ಕಿಲೋಮೀಟರ್ ಹೋದರೆ ಬೇಸಿಗೆಯಲ್ಲೂ ನೀರು ಹೆಪ್ಪುಗಟ್ಟುವ ಚಳಿ. ಬೇಸಿಗೆಯ ಗುಡುಗು ಮೋಡ ಅದನ್ನೂ ದಾಟಿ ಹತ್ತು ಹನ್ನೆರಡು ಕಿಲೋಮೀಟರ್ ಬೆಳೆಯುತ್ತದೆ. ಒಳಗೆ ಗಾಳಿ ರಭಸದಿಂದ ಮೇಲೆ ನುಗ್ಗುತ್ತಿರುತ್ತದೆ. ಐಸಿನ ಚೂರು ಕೆಳಗೆ ಬೀಳಲು ಹೋದರೆ ಮತ್ತೆ ಮೇಲಕ್ಕೆ ಎತ್ತಿ ಎಸೆಯುತ್ತದೆ. ಪ್ರತಿಸಲ ಮೈಗೆ ನೀರು ಅಂಟಿ, ಹೆಪ್ಪುಗಟ್ಟಿ, ದಪ್ಪವಾಗುತ್ತದೆ. ಕೊನೆಗೆ ಗಾಳಿ ಹೊರಲಾರದಷ್ಟು ಭಾರವಾದಾಗ ಬೀಳುತ್ತದೆ. ಮುಂದಿನ ಸಲ ದೊಡ್ಡ ಕಲ್ಲು ಸಿಕ್ಕರೆ ಬಾಯಿಗೆ ಹಾಕುವ ಮೊದಲು ಕತ್ತರಿಸಿ ನೋಡು. ಈರುಳ್ಳಿಯ ಹಾಗೆ ಪದರ ಕಾಣಬಹುದು.

ಆಷಾಢದಲ್ಲಿ ಬಿಸಿಲೇ ಇಲ್ಲ. ನೆಲ ಕಾಯುವುದಿಲ್ಲ, ಗಾಳಿಗೆ ಮೇಲೆ ನುಗ್ಗುವ ಆವೇಶವಿಲ್ಲ. ಮೋಡ ಘಟ್ಟಕ್ಕೆ ಒರಗಿ ಸುಮ್ಮನೆ ಸುರಿಯುತ್ತದೆ. ಸಣ್ಣ ಐಸ್ ಇದ್ದರೂ ದಾರಿಯಲ್ಲೇ ಕರಗುತ್ತದೆ.

ಪ್ರ: ಸಿಡಿಲಿಗೆ ರಬ್ಬರ್ ಬೂಟು ಹಾಕಿದರೆ ಸಾಕಾ? ಮೊಬೈಲ್ ಸಿಡಿಲನ್ನು ಎಳೆಯುತ್ತದಾ? *(ಮೂಡಿಗೆರೆ)*

ಉ: ಎರಡೂ ಇಲ್ಲ. ಕಿಲೋಮೀಟರ್‌ಗಟ್ಟಲೆ ಗಾಳಿಯನ್ನೇ ಸೀಳಿ ಬಂದದ್ದು ಅರ್ಧ ಇಂಚು ರಬ್ಬರ್‌ಗೆ ಹೆದರುತ್ತದಾ?

ನಮ್ಮ ತೋಟದಲ್ಲೇ ಒಮ್ಮೆ ಸಿಲ್ವರ್ ಓಕ್ ಮರ ತುದಿಯಿಂದ ಬುಡದವರೆಗೆ ಸೀಳಿತು. ಅದರ ಕೆಳಗೆ ಹತ್ತು ನಿಮಿಷ ಮುಂಚೆ ಇಬ್ಬರು ಹೆಂಗಸರು ಬುತ್ತಿ ಬಿಚ್ಚಿದ್ದರು. ಮಳೆ ಹನಿಯಿತು ಎಂದು ಮನೆಗೆ ಬಂದದ್ದರಿಂದ ಉಳಿದರು. ಅಂದಿನಿಂದ ನಮ್ಮಲ್ಲಿ ಒಂದೇ ನಿಯಮ: ಗುಡುಗು ಕೇಳಿಸಿತು ಅಂದರೆ ಕತ್ತಿ ಕೆಳಗಿಟ್ಟು ಮನೆಗೆ. ಗುಡುಗು ಕೇಳುವಷ್ಟು ಹತ್ತಿರವಿದ್ದರೆ ಸಿಡಿಲೂ ಮುಟ್ಟುವಷ್ಟು ಹತ್ತಿರ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಹೋಗಬೇಡಿ. ಮರದ ಕೆಳಗೆ, ತೆರೆದ ಶೆಡ್ಡಿನಲ್ಲಿ ನಿಲ್ಲಬೇಡಿ. ತಗಡಿನ ಮಾಡಿರುವ, ಬಾಗಿಲು ಮುಚ್ಚಿದ ಜೀಪು ಪರವಾಗಿಲ್ಲ. ಬಯಲಿನಲ್ಲಿ ಸಿಕ್ಕಿಬಿದ್ದರೆ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಿ, ಮಲಗಬೇಡಿ. ಮೊಬೈಲ್ ಇಟ್ಟುಕೊಳ್ಳಿ, ಅದರಲ್ಲಿ ‘ದಾಮಿನಿ’ ಆಪ್ ಹಾಕಿಕೊಳ್ಳಿ. ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ್ದು. ಸುತ್ತಮುತ್ತ ಸಿಡಿಲು ಬಿದ್ದರೆ ತಿಳಿಸುತ್ತದೆ.

ಪ್ರ: ಚಂದ್ರ ಗುಡಿ ಕಟ್ಟಿದರೆ ಮಳೆ ಬರುತ್ತದೆ ಎಂದು ಅಜ್ಜಿ ಹೇಳುತ್ತಾರೆ. ನಿಜವೇ? *(ಅರಸೀಕೆರೆ)*

ಉ: ಅರ್ಧ ನಿಜ. ಚಂದ್ರನ ಸುತ್ತ ಕಾಣುವ ಬಳೆ ತೆಳು ಎತ್ತರದ ಮೋಡದ್ದು. ಅದರಲ್ಲಿರುವ ಐಸಿನ ಹರಳುಗಳು ಬೆಳಕನ್ನು 22 ಡಿಗ್ರಿ ಬಾಗಿಸುತ್ತವೆ. ಕೈ ಚಾಚಿ ಬೆರಳು ಅಗಲಿಸಿ ಹೆಬ್ಬೆರಳನ್ನು ಚಂದ್ರನ ಮೇಲಿಟ್ಟರೆ ಕಿರುಬೆರಳು ಹೆಚ್ಚುಕಡಿಮೆ ಬಳೆಗೆ ತಾಗುತ್ತದೆ. 2021ರ ಮೇ 24ರಂದು ಬೆಂಗಳೂರಿನಲ್ಲಿ ಸೂರ್ಯನಿಗೇ ಇಂಥ ಬಳೆ ಕಂಡಿತು. ಲಾಕ್‌ಡೌನ್ ಕಾಲ, ಎಲ್ಲರೂ ತಾರಸಿಯಲ್ಲಿದ್ದರು. ಕಡಲಲ್ಲಿ ವಾಯುಭಾರ ಕುಸಿದಾಗ ಇಂಥ ಮೋಡ ಮುಂಚೆ ಬರುವುದುಂಟು. ಬರೀ ಹಾದುಹೋಗುವುದೂ ಉಂಟು. ಅಜ್ಜಿಗೆ ಎದುರು ಮಾತಾಡಬೇಡಿ, ಬಳೆ ಕಂಡ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ವರ್ಷದಲ್ಲಿ ಗೊತ್ತಾಗುತ್ತದೆ.

ಪ್ರ: ನಮ್ಮ ಹಿರಿಯರು ಮಳೆ ನಕ್ಷತ್ರ ನೋಡಿ ಬಿತ್ತುತ್ತಿದ್ದರು. ಈಗ ಉಪಗ್ರಹ ನೋಡಿ ಹೇಳಿದ್ದೂ ತಪ್ಪುತ್ತದೆ. ಹಳೆಯದೇ ಮೇಲಲ್ಲವೇ? *(ಹಾವೇರಿ ಜಿಲ್ಲೆಯ ಹಿರಿಯರು)*

ಉ: ಇದಕ್ಕೆ ಉತ್ತರ ಉದ್ದ. ನಮ್ಮ ಮನೆಯಲ್ಲೂ ಇದೇ ಜಗಳ. ಅಪ್ಪನ ಪುಸ್ತಕದಲ್ಲಿ ತಾರೀಕಿನ ಪಕ್ಕ ನಕ್ಷತ್ರದ ಹೆಸರೂ ಇದೆ.

ಮೊದಲು ನಕ್ಷತ್ರ ಅಂದರೆ ಏನೆಂದು ನೋಡೋಣ. ಸೂರ್ಯ ಒಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಹಾಗೆ 27 ನಕ್ಷತ್ರ ಸುತ್ತಿದರೆ ಒಂದು ವರ್ಷ. ಅಂದರೆ ‘ಆರಿದ್ರಾ ಮಳೆ’ ಎಂದರೂ ‘ಜೂನ್ 22ರಿಂದ ಎರಡು ವಾರದ ಮಳೆ’ ಎಂದರೂ ಒಂದೇ. ನಕ್ಷತ್ರ ಮಳೆ ತರುವುದಿಲ್ಲ, ಅದು ರೈತನ ಕ್ಯಾಲೆಂಡರ್. ಗೋಡೆಗೆ ಮೊಳೆ ಬೇಕಾಗಿಲ್ಲದ ಕ್ಯಾಲೆಂಡರ್.

‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’ ಎನ್ನುವ ಗಾದೆ ಹವಾಮಾನ ಮುನ್ಸೂಚನೆಯಲ್ಲ. ಮೇ ಕೊನೆಗೆ ಹದ ಸಿಕ್ಕಿದರೆ ಬಿತ್ತನೆ ಸಕಾಲಕ್ಕೆ ಆಗುತ್ತದೆ ಎಂಬ ಅನುಭವ. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎಂಬುದೂ ಹಾಗೆ. ಆಗಸ್ಟ್ ಕೊನೆಗೆ ಬೆಳೆಗೆ ನೀರು ಬೇಕೇ ಬೇಕು. ‘ಬಂದರೆ’ ಎಂಬ ಮಾತನ್ನು ಮರೆಯಬೇಡಿ. ಬರುತ್ತದೆ ಎಂದು ಗಾದೆ ಎಲ್ಲೂ ಹೇಳಿಲ್ಲ. 2023ರಲ್ಲಿ ಮಘೆ ಕೈಕೊಟ್ಟಿತು. ಎಲ್ ನಿನೊ ವರ್ಷ ಅದು, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮಳೆ ಕುಗ್ಗಬಹುದಾದ ವರ್ಷ. ದೇಶದಲ್ಲಿ 1901ರಿಂದ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ನಮ್ಮ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕು ಬರಪೀಡಿತ ಎಂದಾಯಿತು. ಅಷ್ಟು ದೂರದ ಸಾಗರ ಬಿಸಿಯಾದದ್ದು ಪಂಚಾಂಗಕ್ಕೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಸ್ವಾರಸ್ಯ. ಭೂಮಿಯ ಅಚ್ಚು ಬುಗುರಿಯ ಹಾಗೆ ನಿಧಾನಕ್ಕೆ ತೂಗುತ್ತದೆ. ಅದರಿಂದ ನಕ್ಷತ್ರದ ತಾರೀಕು ಸುಮಾರು 70 ವರ್ಷಕ್ಕೆ ಒಂದು ದಿನ ಮುಂದೆ ಸರಿಯುತ್ತದೆ. ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಅಂದರೆ ಒಂದು ಪೂರ್ತಿ ಮಳೆ! ಮುಂಗಾರು ಮಾತ್ರ ನಕ್ಷತ್ರದ ಹಿಂದೆ ಹೋಗುವುದಿಲ್ಲ, ಋತುವಿನ ಜೊತೆ ಇರುತ್ತದೆ. ಸಾವಿರ ವರ್ಷದ ಹಿಂದೆ ಯಾರಾದರೂ ಮೃಗಶಿರದ ಬಗ್ಗೆ ಗಾದೆ ಕಟ್ಟಿದ್ದರೆ ಅದನ್ನು ಇವತ್ತು ರೋಹಿಣಿಗೆ ಹೇಳಬೇಕು.

ಹಾಗಾಗಿ ನನ್ನ ಪಕ್ಷ ಇದು. ಯಾವ ಬೆಳೆ ಯಾವಾಗ ಎಂಬುದಕ್ಕೆ ಗಾದೆ ಕೇಳಿ. ಈ ವಾರ ಬಿತ್ತಬೇಕೋ ಬೇಡವೋ ಎಂಬುದಕ್ಕೆ ಇಲಾಖೆ ಕೇಳಿ. ಯುಗಾದಿಯ ದಿನ ಪಂಚಾಂಗದಲ್ಲಿ ಓದುವ ‘ಇಷ್ಟು ಕೊಳಗ ಮಳೆ’ಯನ್ನು ಬೇವು ಬೆಲ್ಲದ ಜೊತೆ ಕೇಳಿ ಮರೆತುಬಿಡಿ.

ಅಂದಹಾಗೆ ಮುಂಗಾರು ಕೇರಳಕ್ಕೆ ಬಂತು ಎಂದು ಘೋಷಿಸಲು ಇಲಾಖೆ 14 ಊರಿನ ಮಳೆ ನೋಡುತ್ತದೆ. ಅದರಲ್ಲಿ ನಮ್ಮ ಮಂಗಳೂರೂ ಒಂದು. ಮೇ 10ರ ನಂತರ ಆ ಊರುಗಳಲ್ಲಿ ನೂರಕ್ಕೆ 60ರಷ್ಟರಲ್ಲಿ ಎರಡು ದಿನ ಸತತ 2.5 ಮಿಲಿಮೀಟರ್ ಆದರೂ ಬೀಳಬೇಕು. ಜೊತೆಗೆ ಪಡುವಣ ಗಾಳಿಯೂ ಬಲವಾಗಿರಬೇಕು. ಬರೀ ಮಳೆ ಬಂದರೆ ಮುಂಗಾರು ಎನ್ನುವುದಿಲ್ಲ.

ಪ್ರ: ಫೋನಿನಲ್ಲಿ ಮೂರು ಆಪ್, ಮೂರು ಉತ್ತರ. ಅಮ್ಮ ತೀರ್ಥಹಳ್ಳಿಯಲ್ಲಿ ಅಡಿಕೆ ಹರವುತ್ತಾರೆ. ನಾನು ದುಬೈಯಿಂದ ನೋಡಿ ಹೇಳುತ್ತೇನೆ, ತಪ್ಪಾಗುತ್ತದೆ.

ಉ: ಅಮ್ಮ ಅಂಗಳದಲ್ಲಿ ನಿಂತು ಆಕಾಶ ನೋಡಲಿ, ನೀವು ಸಂಬಳ ಕಳಿಸಿ ಸಾಕು! ತಮಾಷೆಗೆ ಹೇಳಿದೆ.

ಆಪ್‌ಗಳು ಭೂಮಿಯನ್ನು ಚೌಕ ಚೌಕ ಮಾಡಿ ಲೆಕ್ಕ ಹಾಕುತ್ತವೆ. ಒಂದು ಚೌಕದೊಳಗೆ ಗುಡ್ಡ, ಕಣಿವೆ ಎಲ್ಲವೂ ಒಂದೇ. ನಮ್ಮ ಇಲಾಖೆ 2025ರ ಮೇಯಲ್ಲಿ ತಂದ ಹೊಸ ವ್ಯವಸ್ಥೆಯಲ್ಲಿ ಚೌಕ ಆರು ಕಿಲೋಮೀಟರಿಗೆ ಇಳಿದಿದೆ, ಮುಂಚೆ ಹನ್ನೆರಡಿತ್ತು. ಆದರೂ ಮಲೆನಾಡಿಗೆ ಅದೂ ದೊಡ್ಡದೇ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ. ಮೂವತ್ತು ಚಿಲ್ಲರೆ ಕಿಲೋಮೀಟರ್ ಈಚೆ ತೀರ್ಥಹಳ್ಳಿಗೆ ಬಂದರೆ ಅರ್ಧವೂ ಇಲ್ಲ. ಇನ್ನು ಆ ಮೋಡದ ಚಿತ್ರ. ಇಡೀ ದಿನದಲ್ಲಿ ಒಂದು ಗಂಟೆ ಮಳೆಯಿದ್ದರೂ ಹಲವು ಆಪ್‌ಗಳು ಆ ದಿನಕ್ಕೆ ಮೋಡ ಮಳೆಯ ಚಿತ್ರವನ್ನೇ ಇಡುತ್ತವೆ. ಚಿತ್ರ ನೋಡಬೇಡಿ, ಗಂಟೆ ಗಂಟೆಯ ಪಟ್ಟಿ ನೋಡಿ. ಹತ್ತು ದಿನದಾಚೆ ಏನು ತೋರಿಸಿದರೂ ಅದನ್ನು ಅಮ್ಮನಿಗೆ ಹೇಳಬೇಡಿ.

ಪ್ರ: ಮನೆಯಲ್ಲೇ ಮಳೆ ಅಳೆಯುವುದು ಹೇಗೆ? *(ಯಲ್ಲಾಪುರ)*

ಉ: ಮೇಲಿನಿಂದ ಕೆಳಗೆ ಒಂದೇ ಅಗಲವಿರುವ ಡಬ್ಬಿ, ಒಂದು ಸ್ಕೇಲ್. ಅಗಲ ಎಷ್ಟಾದರೂ ಇರಲಿ, ಒಳಗೆ ನಿಂತ ನೀರಿನ ಎತ್ತರವೇ ಮಳೆ. ಕೆಳಗೆ ಸಪೂರವಾಗುವ ಲೋಟ, ಬಕೆಟ್ ಬೇಡ. ಎಂಟೂವರೆಗೆ ನೋಡಿ, ಬರೆದು, ಚೆಲ್ಲಿ.

ಮುಖ್ಯ ಜಾಗ. ಇದನ್ನು ನಾನು ಅವಮಾನದಿಂದ ಕಲಿತೆ. ಅಪ್ಪ ತೀರಿದ ಮೇಲೆ ಅಂಗಳಕ್ಕೆ ಸಿಮೆಂಟ್ ಹಾಕಿಸುವಾಗ ಮಾಪಕವನ್ನು ಹಲಸಿನ ಮರದ ಪಕ್ಕಕ್ಕೆ ಸರಿಸಿದೆ. ಎರಡು ಮಳೆಗಾಲ ನಮ್ಮ ಲೆಕ್ಕ ಪಕ್ಕದ ತೋಟದವರಿಗಿಂತ ಕಡಿಮೆ ಬಂತು. ‘ನಿಮ್ಮ ಅಳತೆ ತಪ್ಪು’ ಎಂದು ಅವರಿಗೇ ಹೇಳಿದೆ! ಒಂದು ದಿನ ಕೆಲಸದ ಹುಡುಗ ‘ಅಕ್ಕಾ, ಮರ ಕೊಡೆ ಹಿಡಿದಂಗೆ ಐತಲ್ಲ’ ಎಂದ. ಇಪ್ಪತ್ತಾರು ವರ್ಷ ವಿಜ್ಞಾನ ಹೇಳಿದವಳಿಗೆ ಕಾಣಲಿಲ್ಲ. ಆ ಎರಡು ವರ್ಷದ ಪುಟಕ್ಕೆ ಈಗಲೂ ಕೆಂಪು ಗೆರೆ ಇದೆ. ಮರವೋ ಮನೆಯೋ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟಾದರೂ ದೂರ ಇಡಿ.

ಪ್ರ: ಮೇ 20ಕ್ಕೆ ಮಗಳ ಮದುವೆ, ಮನೆ ಮುಂದೆಯೇ ಚಪ್ಪರ. ಮಳೆ ಬರುತ್ತದೆಯೇ? ದಯವಿಟ್ಟು ಸರಿಯಾಗಿ ಹೇಳಿ. *(ಕಡೂರು)*

ಉ: ಎರಡು ತಿಂಗಳ ಮುಂಚೆ ಯಾರೂ ಹೇಳಲಾರರು. ಹೇಳಿದವರಿಗೆ ದಕ್ಷಿಣೆ ಕೊಡಬೇಡಿ. ಆದರೆ ಮೇ ತಿಂಗಳ ಮಳೆ ಹೆಚ್ಚಾಗಿ ಬರುವುದು ಮಧ್ಯಾಹ್ನ ಮೂರರ ಮೇಲೆ, ಮಳೆಗಿಂತ ಮುಂಚೆ ಗಾಳಿ. ಮುಹೂರ್ತ ಬೆಳಗಿನದೇ ಇಟ್ಟುಕೊಳ್ಳಿ. ಚಪ್ಪರದ ಗೂಟ ಎರಡು ಅಡಿ ಆಳ ಹೋಗಲಿ. ಕೊನೆಯ ಪಂಕ್ತಿ ಎರಡೂವರೆಗೆ ಏಳಲಿ. ಸಂಜೆಯ ಆರತಕ್ಷತೆ ಮಾತ್ರ ಒಳಗೆ, ಹೆಂಚಿನ ಕೆಳಗೆ.